ಗಸಗಸೆ ಹೊಲದಿಂದ ಬಾಣಂತಿ ಕೋಣೆಯವರೆಗೆ: ಕೋಲಾರ ಸೀಮೆಯಲ್ಲಿ ಅಫೀಮು ಮತ್ತು ಹಸುಗೂಸಿನ ಆರೋಗ್ಯ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಬೇಸಾಯದ ಮಾತು ಬಂದರೆ ಇಂದು ರಾಗಿ, ಅವರೆ, ಮಾವು, ಟೊಮೆಟೊ, ಹಿಪ್ಪುನೇರಳೆಗಳ ಹೆಸರು ಕೇಳಿಬರುತ್ತದೆಯೇ ಹೊರತು ಗಸಗಸೆಯ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಟಿಪ್ಪು ಸುಲ್ತಾನನ ಪತನದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ವೈದ್ಯ ಫ್ರಾನ್ಸಿಸ್ ಬುಕಾನನ್, ಕೋಲಾರದ ಸುತ್ತಮುತ್ತ ಗಸಗಸೆಯನ್ನು ಧಾರಾಳವಾಗಿ ಬೆಳೆಯುತ್ತಿದ್ದರೆಂದೂ, ಅದರಿಂದ ಅಫೀಮನ್ನೂ ಉಳ್ಳವರ ಮನೆಯ ಸಿಹಿ ಭಕ್ಷ್ಯಗಳಿಗೆ ಬೇಕಾದ ಬೀಜವನ್ನೂ ಪಡೆಯುತ್ತಿದ್ದರೆಂದೂ ದಾಖಲಿಸಿದ್ದಾನೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದ ಈ ಚಿಕ್ಕ ಉಲ್ಲೇಖವೇ, ಈ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಅಫೀಮು ಹೊರಗಿನಿಂದ ಬರುವ ಸರಕಾಗಿರದೆ ಹಿತ್ತಿಲ ಬೆಳೆಯಾಗಿತ್ತೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ. ಆ ಬೆಳೆ ಮಾಯವಾದ ಬಗೆಯನ್ನು ಆಡಳಿತದ ಕಾಗದಪತ್ರಗಳಲ್ಲಿ ಹಿಂಬಾಲಿಸಬಹುದು. ಆದರೆ ಅಫೀಮನ್ನು ಸೇವಿಸಿದ ತಾಯಿಯ ಗರ್ಭದಲ್ಲಿದ್ದ ಕೂಸಿಗೆ ಏನಾಯಿತು ಎಂಬ ಪ್ರಶ್ನೆ ಆ ಕಾಗದಗಳಲ್ಲಿ ಎಲ್ಲಿಯೂ ಏಳುವುದಿಲ್ಲ. ಅಫೀಮಿನ ಚರಿತ್ರೆ ಕಂದಾಯದ ಲೆಕ್ಕದಲ್ಲಿಯೂ ಹಸುಗೂಸಿನ ಚರಿತ್ರೆ ಜನನ ಮರಣದ ಲೆಕ್ಕದಲ್ಲಿಯೂ ಬೇರೆಬೇರೆಯಾಗಿ ಬರೆಯಲ್ಪಟ್ಟವು ಎಂಬುದೇ ಈ ಸೀಮೆಯ ಗಸಗಸೆಯ ಕಥೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಗಸಗಸೆ ನೀರನ್ನೂ ಆರೈಕೆಯನ್ನೂ ಬೇಡುವ ಬೆಳೆ. ಮುಂಗಾರು ಕಳೆದ ಮೇಲೆ, ಚಳಿಗಾಲದ ಆರಂಭದಲ್ಲಿ ಬಿತ್ತಿದರೆ ಮಾಘ ಫಾಲ್ಗುಣದ ಹೊತ್ತಿಗೆ ಹೂವಿನ ದಳಗಳು ಉದುರಿ ಕಾಯಿ ಬಲಿಯುತ್ತದೆ. ಕೆರೆಗಳ ಸಾಲಿಗೂ ಕಪಿಲೆ ಹೂಡಿ ನೀರೆತ್ತುವ ಬಾವಿಗಳಿಗೂ ಹೆಸರಾದ ಕೋಲಾರ ಸೀಮೆಯಲ್ಲಿ, ತರಕಾರಿ ಬೆಳೆಯುವ ತೋಟಗಾರರ ಕೈಗೆ ಇಂತಹ ಬೆಳೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಹಸಿಯಾಗಿರುವ ಕಾಯಿಯ ಮೈಮೇಲೆ ಮಧ್ಯಾಹ್ನದ ನಂತರ ಚೂಪಾದ ಸಣ್ಣ ಅಲಗುಗಳಿಂದ ತೆಳುವಾಗಿ ಗೀರಿದರೆ ಬಿಳಿಯ ಹಾಲು ಒಸರುತ್ತದೆ. ರಾತ್ರಿಯ ತಂಪಿನಲ್ಲಿ ಅದು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲೇ ಅದನ್ನು ಕೆರೆದು ತೆಗೆದು ಮಣ್ಣಿನ ಪಾತ್ರೆಗೆ ಕೂಡಿಸುತ್ತಾರೆ. ಗೀರು ಆಳವಾದರೆ ಹಾಲು ಕಾಯಿಯ ಒಳಕ್ಕೆ ಇಳಿದು ವ್ಯರ್ಥವಾಗುತ್ತದೆ, ಮೇಲುಮೇಲಾದರೆ ಸಾಕಷ್ಟು ಒಸರುವುದಿಲ್ಲವಾದ್ದರಿಂದ ಇದು ಪಳಗಿದ ಕೈಯನ್ನೇ ಕೇಳುವ ಕೆಲಸ. ಹೀಗೆ ಹಾಲು ಕೊಟ್ಟ ಕಾಯಿಯೇ ಒಣಗಿದ ಮೇಲೆ ಅಡುಗೆಮನೆಯ ಗಸಗಸೆಯನ್ನೂ ಕೊಡುತ್ತದೆ. ಮತ್ತು ತರುವ ರಾಸಾಯನಿಕಗಳು ಕಾಯಿಯ ಹಾಲಿನಲ್ಲಿರುತ್ತವೆ; ಬೀಜದಲ್ಲಿ ಅವು ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದಲೇ ಗಸಗಸೆ ಪಾಯಸವು ಹಬ್ಬದ ಎಲೆಯ ಮೇಲೆ ನಿಸ್ಸಂಕೋಚವಾಗಿ ಉಳಿಯಿತು, ಅದೇ ಗಿಡದ ಹಾಲು ಮಾತ್ರ ಸರ್ಕಾರದ ಕಣ್ಣಿಗೆ ಬಿದ್ದಿತು.

ಆ ಹಾಲಿನಿಂದಾದ ಅಫೀಮನ್ನು, ಗಡಿಯ ತೆಲುಗು ಮನೆಮಾತಿನವರು ನಲ್ಲಮಂದು ಎಂದು ಕರೆಯುವ ಈ ಕಪ್ಪು ವಸ್ತುವನ್ನು, ಜನ ಮೊದಲಿಗೆ ಮದ್ದಾಗಿಯೇ ಬಲ್ಲರು. ಮಧ್ಯಯುಗದ ಶಾರ್ಙ್ಗಧರ ಸಂಹಿತೆಯ ಕಾಲದಿಂದ ಆಯುರ್ವೇದ ಗ್ರಂಥಗಳಲ್ಲಿ ಅಹಿಫೇನವೆಂಬ ಹೆಸರಿನಿಂದ ಕಾಣಿಸಿಕೊಳ್ಳುವ ಅಫೀಮು, ಭೇದಿ, ಕೆಮ್ಮು, ನೋವು, ನಿದ್ರೆಗೇಡುಗಳಿಗೆ ಬಳಕೆಯಾಗುತ್ತಿತ್ತು. ನೋವನ್ನು ತಗ್ಗಿಸುವುದು, ಕರುಳಿನ ಚಲನೆಯನ್ನು ನಿಧಾನಗೊಳಿಸುವುದು, ಕೆಮ್ಮನ್ನು ಅಡಗಿಸುವುದು, ನಿದ್ರೆ ಬರಿಸುವುದು, ಈ ನಾಲ್ಕೂ ಗುಣಗಳು ಒಂದೇ ವಸ್ತುವಿನಲ್ಲಿದ್ದುದು ಅದರ ಜನಪ್ರಿಯತೆಗೆ ಕಾರಣವಾದಂತೆ ಅದರ ಅಪಾಯಕ್ಕೂ ಕಾರಣವಾಯಿತು, ಏಕೆಂದರೆ ಅದೇ ವಸ್ತು ಪ್ರಮಾಣ ಮೀರಿದರೆ ಉಸಿರಾಟವನ್ನೂ ನಿಧಾನಗೊಳಿಸಿ ನಿಲ್ಲಿಸಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ವೈದ್ಯಪದ್ಧತಿಯ ಔಷಧಾಲಯಗಳು ಬಂದಾಗಲೂ ಅಫೀಮಿನ ಸ್ಥಾನ ಅಲುಗಲಿಲ್ಲ; ಅಫೀಮು ಮತ್ತು ಇಪಿಕಾಕ್ ಬೇರನ್ನು ಬೆರೆಸಿದ ಡೋವರ್ಸ್ ಪೌಡರ್, ಅಫೀಮಿನ ಸತ್ವವಿದ್ದ ಕ್ಲೋರೋಡೈನ್ ಮುಂತಾದವು ಆ ಕಾಲದ ವೈದ್ಯರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತಿದ್ದವು.

ಹೆರಿಗೆ ಮತ್ತು ಬಾಣಂತನದ ಲೋಕ ಆಗ ಪೂರ್ತಿಯಾಗಿ ಸೂಲಗಿತ್ತಿಯರ ಮತ್ತು ಮನೆಯ ಹಿರಿಯ ಹೆಂಗಸರ ವಶದಲ್ಲಿತ್ತು. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆಂಬ ನಂಬಿಕೆ ಇದೆ. ಅಲ್ಲಿನ ಬೆಟ್ಟದ ಸೀತಮ್ಮನಿಗೆ ಸಂತಾನಕ್ಕಾಗಿ ಹರಕೆ ಹೊರುವ ರೂಢಿ ಇಂದಿಗೂ ಉಂಟು. ಹೆತ್ತ ಮೇಲೆ ಬಾಣಂತಿ ಮತ್ತು ಕೂಸನ್ನು ಗಾಳಿ ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಇರಿಸಿ, ಸಾಂಬ್ರಾಣಿಯ ಹೊಗೆ ಹಾಕಿ, ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿಗಳನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಹಚ್ಚುವ ಪದ್ಧತಿ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಬಳಕೆಯಲ್ಲಿತ್ತು. ಈ ಸಾಮಗ್ರಿಗಳಲ್ಲಿ ಅಫೀಮು ಇರಲೇಬೇಕೆಂದೇನೂ ಇರಲಿಲ್ಲ. ಆದರೆ ಇಂಡಿಯಾದ ಹಲವು ಪ್ರಾಂತ್ಯಗಳಲ್ಲಿ, ಕೂಲಿಗೆ ಹೋಗುವ ತಾಯಿ ಕೂಸು ಅಳದೆ ಮಲಗಿರಲೆಂದು ಸಾಸಿವೆ ಗಾತ್ರದ ಅಫೀಮನ್ನು ಕೊಡುವ ರೂಢಿ ವ್ಯಾಪಕವಾಗಿತ್ತು. 1893ರಲ್ಲಿ ನೇಮಕಗೊಂಡು 1895ರಲ್ಲಿ ವರದಿ ಕೊಟ್ಟ ಬ್ರಿಟಿಷ್ ರಾಯಲ್ ಆಯೋಗದ ಮುಂದೆ ಹೇಳಿಕೆ ಕೊಟ್ಟ ಅನೇಕರು ಈ ರೂಢಿಯನ್ನು ದಿನನಿತ್ಯದ ಮನೆವಾರ್ತೆಯೆಂಬಂತೆ ವಿವರಿಸಿದರು. 1920ರ ದಶಕದಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ವಿಚಾರಣೆ ನಡೆದಾಗ, ಬಾಳಗೋಳಿ ಎಂಬ ಅಫೀಮಿನ ಗುಳಿಗೆ ಬಹುಪಾಲು ಕೂಸುಗಳ ಹೊಟ್ಟೆ ಸೇರುತ್ತಿದ್ದುದು ಬೆಳಕಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮಿನ ಪಾಕಕ್ಕೂ ಇದೇ ಉಪಯೋಗವಿದ್ದುದನ್ನು ನೋಡಿದರೆ, ಈ ರೂಢಿಯ ಬೇರು ಯಾವುದೋ ಒಂದು ದೇಶದ ಅಜ್ಞಾನದಲ್ಲಿ ಇರದೆ, ದುಡಿಯುವ ತಾಯಿಗೆ ಕೂಸನ್ನು ನೋಡಿಕೊಳ್ಳಲು ಬಿಡುವೇ ಸಿಗದ ಬದುಕಿನಲ್ಲಿ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಆಡಳಿತಕ್ಕೆ ಮಾತ್ರ ಅಫೀಮು ಒಂದು ಬಾಬತ್ತು, ಅಂದರೆ ಆದಾಯದ ಮೂಲ. ಬಂಗಾಳ ಮತ್ತು ಮಾಳವದ ಅಫೀಮು ಚೀನಾಕ್ಕೆ ಸಾಗಿ ಬ್ರಿಟಿಷ್ ಇಂಡಿಯಾದ ಬೊಕ್ಕಸವನ್ನು ತುಂಬುತ್ತಿದ್ದ ಆ ಕಾಲದಲ್ಲಿ, ಸರ್ಕಾರದ ಹತೋಟಿಯ ಹೊರಗೆ ಯಾವ ಸೀಮೆಯಲ್ಲಾದರೂ ಗಸಗಸೆ ಬೆಳೆದರೆ ಅದು ಆ ಆದಾಯಕ್ಕೆ ಪೆಟ್ಟೆಂದೇ ಭಾವಿಸಲಾಗುತ್ತಿತ್ತು. 1857 ಮತ್ತು 1878ರ ಅಫೀಮು ಕಾಯಿದೆಗಳು ಬೇಸಾಯ, ತಯಾರಿಕೆ, ಸಾಗಣೆ, ಮಾರಾಟಗಳನ್ನು ಪರವಾನಗಿಗೆ ಒಳಪಡಿಸಿದವು. 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರನ್ನು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿ ಒಪ್ಪಿಸಿದಾಗ ಬರೆದ ಹಸ್ತಾಂತರ ಪತ್ರದಲ್ಲಿಯೂ, ಗವರ್ನರ್ ಜನರಲ್ ಬಯಸಿದಲ್ಲಿ ಸಂಸ್ಥಾನವು ಉಪ್ಪಿನ ಉತ್ಪಾದನೆ, ಗಸಗಸೆಯ ಬೇಸಾಯ ಮತ್ತು ಅಫೀಮಿನ ತಯಾರಿಕೆಗಳನ್ನು ತಡೆಯಬೇಕು ಅಥವಾ ಮಿತಗೊಳಿಸಬೇಕೆಂಬ ಷರತ್ತು ಸೇರಿತ್ತು. ಬುಕಾನನ್ ಕಂಡ ಕೋಲಾರದ ಗಸಗಸೆ ಹೊಲಗಳು ಹೀಗೆ ಕ್ರಮೇಣ ಇಲ್ಲವಾದವು. ಹೊರಗಿನಿಂದ ತರಿಸಿದ ಅಫೀಮು ಸಾರಾಯಿ, ಸೇಂದಿ, ಗಾಂಜಾಗಳ ಜೊತೆಗೆ ಅಬಕಾರಿ ಇಲಾಖೆಯ ಲೆಕ್ಕಕ್ಕೆ ಸೇರಿ, ಪರವಾನಗಿ ಪಡೆದ ಅಂಗಡಿಗಳಲ್ಲಿ ತೂಗಿ ಮಾರುವ ಸರಕಾಯಿತು. ಎಷ್ಟು ಸೇರು ಮಾರಾಟವಾಯಿತು, ಎಷ್ಟು ಸುಂಕ ಬಂದಿತು ಎಂಬುದನ್ನು ಬರೆದಿಟ್ಟ ಆ ಲೆಕ್ಕದಲ್ಲಿ, ಕೊಂಡವಳು ಗರ್ಭಿಣಿಯೇ, ಕೊಂಡದ್ದು ಕೂಸಿಗಾಗಿಯೇ ಎಂಬುದಕ್ಕೆ ಯಾವ ಅಂಕಣವೂ ಇರಲಿಲ್ಲ.

ಅಫೀಮಿನ ಅಂಗಡಿ ಮುಚ್ಚುವುದಕ್ಕೆ ಸ್ವಾತಂತ್ರ್ಯ ಬರಬೇಕಾಯಿತು. 1949ರಲ್ಲಿ ಸೇರಿದ ಅಖಿಲ ಭಾರತ ಅಫೀಮು ಸಮ್ಮೇಳನ ಔಷಧಕ್ಕಲ್ಲದ ಅಫೀಮು ಸೇವನೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಕೊನೆಗೊಳಿಸಬೇಕೆಂದು ತೀರ್ಮಾನಿಸಿತು. ಅದರಂತೆ 1959ರ ಮಾರ್ಚ್ 31ರ ಗಡುವಿನೊಂದಿಗೆ ಸರ್ಕಾರಿ ಪೂರೈಕೆ ನಿಂತಿತು, ಚಟಕ್ಕೆ ಸಿಕ್ಕಿ ನೋಂದಾಯಿತರಾದವರಿಗೆ ಮಾತ್ರ ವೈದ್ಯಕೀಯ ಕಾರಣದ ಮೇಲೆ ವಿನಾಯಿತಿ ಉಳಿಯಿತು.

ಅಫೀಮಿಗೂ ಗರ್ಭಸ್ಥ ಶಿಶುವಿಗೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಅರಿತದ್ದು ತಡವಾಗಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಔಷಧತಜ್ಞ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಎಂಬ ಸತ್ವವನ್ನು ಬೇರ್ಪಡಿಸಿದನು. 1832ರಲ್ಲಿ ಕೋಡೀನ್ ದೊರೆಯಿತು. ಇವುಗಳನ್ನೂ, ಇವುಗಳಂತೆಯೇ ಕೆಲಸ ಮಾಡುವಂತೆ ಕೃತಕವಾಗಿ ತಯಾರಿಸಿದ ಹೆರಾಯಿನ್, ಮೆಥಡೋನ್, ಟ್ರಮಡಾಲ್ ಮುಂತಾದವನ್ನೂ ಒಟ್ಟಾಗಿ ಒಪಿಯಾಯ್ಡ್‌ಗಳೆನ್ನುತ್ತಾರೆ. ತಾಯಿಯ ರಕ್ತದಿಂದ ಕೂಸಿಗೆ ಆಹಾರ ಮತ್ತು ಪ್ರಾಣವಾಯುವನ್ನು ಒದಗಿಸುವ ಮಾಸನ್ನು ಈ ಸಣ್ಣ ಅಣುಗಳು ಸುಲಭವಾಗಿ ದಾಟುತ್ತವೆ. ತಿಂಗಳುಗಟ್ಟಲೆ ಅವುಗಳಿಗೆ ಒಗ್ಗಿಕೊಂಡ ಕೂಸಿಗೆ ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಪೂರೈಕೆ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳೊಳಗೆ ತಾರಕದ ದನಿಯ ಅಳು, ನಡುಕ, ಪದೇಪದೇ ಸೀನು, ವಾಂತಿ ಭೇದಿ, ಮೊಲೆ ಹಿಡಿಯದಿರುವುದು, ನಿದ್ರೆಯಿಲ್ಲದಿರುವುದು ಕಾಣಿಸಿಕೊಳ್ಳುತ್ತವೆ. ರೂಢಿಯಾದ ವಸ್ತು ತಪ್ಪಿದಾಗ ಏಳುವ ಈ ಸಂಕಟಗಳ ಸಮೂಹವನ್ನು ನವಜಾತ ಶಿಶುವಿನ ಅಬ್‌ಸ್ಟಿನೆನ್ಸ್ ಸಿಂಡ್ರೋಮ್ ಎಂದು ಕರೆಯಲಾಗುತ್ತದೆ. ಅದರ ತೀವ್ರತೆಯನ್ನು ಅಂಕಗಳಲ್ಲಿ ಅಳೆಯುವ ಪಟ್ಟಿಯನ್ನು ಅಮೆರಿಕದ ವೈದ್ಯೆ ಲೊರೆಟಾ ಫಿನೆಗನ್ 1970ರ ದಶಕದಲ್ಲಿ ರೂಪಿಸಿದರು. ಸೂಲಗಿತ್ತಿಯ ಕಾಲದಲ್ಲಿ ಇಂತಹ ಕೂಸು ಹುಟ್ಟಿದ್ದರೆ ಅದರ ಅಳುವಿಗೆ ದೃಷ್ಟಿ, ಗಾಳಿ, ಬಾಲಗ್ರಹಗಳ ಹೆಸರು ಬರುತ್ತಿದ್ದುದು ಸಹಜ. ಅಳು ನಿಲ್ಲಿಸಲು ಕೊಟ್ಟ ಮದ್ದಿನಲ್ಲಿ ಅಫೀಮೇ ಇದ್ದರೆ ಅಳು ತಾತ್ಕಾಲಿಕವಾಗಿ ಅಡಗಿ, ಆ ಮದ್ದಿನ ಮೇಲಿನ ನಂಬಿಕೆ ಇನ್ನಷ್ಟು ಬಲವಾಗುತ್ತಿತ್ತು.

ರೋಗನಿರೋಧಕ ಶಕ್ತಿಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಕೂಸು ತನ್ನದೇ ಆದ ಪೂರ್ಣ ರಕ್ಷಣಾ ವ್ಯವಸ್ಥೆಯೊಂದಿಗೆ ಹುಟ್ಟುವುದಿಲ್ಲ. ತಾಯಿ ಹಿಂದೆ ಎದುರಿಸಿದ ರೋಗಗಳ ವಿರುದ್ಧ ಅವಳ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು, ಎಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು, ಮುಖ್ಯವಾಗಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಾಸಿನ ಮೂಲಕ ಕೂಸಿಗೆ ಹರಿದು ಬರುತ್ತವೆ, ಹುಟ್ಟಿದ ಮೇಲೆ ಗಿಣ್ಣುಹಾಲು ಮತ್ತೊಂದು ಬಗೆಯ ಪ್ರತಿಕಾಯಗಳನ್ನು ಕರುಳಿಗೆ ಒದಗಿಸುತ್ತದೆ. ಒಪಿಯಾಯ್ಡ್ ಸೇವನೆಯಿದ್ದ ಬಸಿರಿನಲ್ಲಿ ದಿನ ತುಂಬದ ಹೆರಿಗೆಯೂ ಕಡಿಮೆ ತೂಕದ ಕೂಸೂ ಹೆಚ್ಚಾಗಿ ಕಂಡುಬರುವುದರಿಂದ, ಬೇಗ ಹುಟ್ಟಿದ ಕೂಸು ತಾಯಿಯ ಪ್ರತಿಕಾಯಗಳ ಪಾಲನ್ನು ಪೂರ್ತಿ ಪಡೆಯುವ ಮೊದಲೇ ಹೊರಗೆ ಬಂದಿರುತ್ತದೆ. ಮೊಲೆ ಹಿಡಿಯಲಾರದಿದ್ದರೆ ಗಿಣ್ಣುಹಾಲಿನ ಪಾಲೂ ತಪ್ಪುತ್ತದೆ. ಇದು ಪರೋಕ್ಷವಾದ ದಾರಿ. ನೇರವಾದ ದಾರಿಯೂ ಒಂದಿದೆ: ಒಪಿಯಾಯ್ಡ್‌ಗಳು ಅಂಟಿಕೊಳ್ಳುವ ಗ್ರಾಹಕಗಳು ಮಿದುಳಿನಲ್ಲಿರುವಂತೆ ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳ ಮೇಲೂ ಇವೆ, ಮಾರ್ಫಿನ್ ಆ ಕಣಗಳ ಕೆಲಸವನ್ನು ಕುಗ್ಗಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಗರ್ಭದಲ್ಲಿಯೇ ಮೆಥಡೋನಿಗೆ ಒಡ್ಡಿದ ಇಲಿಮರಿಗಳಲ್ಲಿ ಮಾತ್ರ, ಪ್ರತಿರೋಧ ಕಣಗಳು ಅಗತ್ಯ ಮೀರಿ ಕೆರಳುವ ಉರಿಯೂತದ ಸ್ಥಿತಿ ಹುಟ್ಟಿದ ಮೇಲೂ ಮುಂದುವರಿದುದು ಕಂಡುಬಂದಿದೆ. ಮನುಷ್ಯರ ವಿಷಯದಲ್ಲಿ ತೀರ್ಪು ಇಷ್ಟು ಸರಳವಲ್ಲ; ಒಪಿಯಾಯ್ಡ್ ಸೇವಿಸುವ ತಾಯಿಯಲ್ಲಿ ತಂಬಾಕು, ಮದ್ಯ, ಅಪೌಷ್ಟಿಕತೆ, ಸೂಜಿಯಿಂದ ಹರಡುವ ಹೆಪಟೈಟಿಸ್ ಅಥವಾ ಎಚ್‌ಐವಿ, ಬಡತನ ಇವೆಲ್ಲವೂ ಕೂಡಿಕೊಂಡಿರಬಹುದಾದ್ದರಿಂದ ಒಂದರ ಪರಿಣಾಮವನ್ನು ಇನ್ನೊಂದರಿಂದ ಬಿಡಿಸಿ ನೋಡುವುದು ಸುಲಭವಲ್ಲ.

ಅಫೀಮಿನ ಲೆಕ್ಕ ಅಬಕಾರಿಯಲ್ಲಿ ನಡೆಯುತ್ತಿದ್ದಾಗ, ಹಸುಗೂಸನ್ನು ಉಳಿಸುವ ಕೆಲಸ ಈ ಸೀಮೆಯಲ್ಲಿ ಬೇರೆ ದಾರಿಗಳಲ್ಲಿ ಬೆಳೆಯಿತು. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡಾಗ, ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸಾಕುವ ಕೆಲಸಕ್ಕೆ ಕೈಹಾಕಿದ್ದರು. 1890ರ ಹೊತ್ತಿಗೆ ಆ ಸಂಸ್ಥೆ ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಸೇರಿತು. ಅದೇ ಮಿಷನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಎಲೆನ್ ತೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಈಟಿಸಿಎಂ ಆಸ್ಪತ್ರೆ, ಹೆಂಗಸರು ಮತ್ತು ಮಕ್ಕಳ ಚಿಕಿತ್ಸೆಗೆಂದೇ ಆರಂಭವಾಗಿ, ಮುಳಬಾಗಿಲು ಶ್ರೀನಿವಾಸಪುರಗಳ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವ ಬಸುರಿಯರಿಗೂ ಆಸರೆಯಾಯಿತು. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಮೇಲೆ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿ, 1915ರಲ್ಲಿ ಕೆಲಸ ಆರಂಭಿಸಿದ ಆರೋಗ್ಯವರಂ ಕ್ಷಯರೋಗ ಧಾಮವಿದೆ. 1948ರಲ್ಲಿ ಭಾರತದಲ್ಲಿ ಬಿಸಿಜಿ ಲಸಿಕೆಯ ಪ್ರಾಯೋಗಿಕ ಕಾರ್ಯಕ್ರಮ ಮೊದಲು ನಡೆದದ್ದು ಈ ಮದನಪಲ್ಲಿಯಲ್ಲಿಯೇ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯಲಾರದೆಂದು ಮುಂದೆ ಚೆಂಗಲ್ಪಟ್ಟಿನ ದೊಡ್ಡ ಪ್ರಯೋಗ ತೋರಿಸಿತಾದರೂ, ಮಿದುಳಿನ ಪೊರೆಗೆ ತಗಲುವ ಮತ್ತು ಮೈಯೆಲ್ಲ ಹರಡುವ ಕ್ಷಯದಿಂದ ಎಳೆಯ ಮಕ್ಕಳನ್ನು ಅದು ಕಾಪಾಡುತ್ತದೆಂಬ ಕಾರಣಕ್ಕೆ ಹುಟ್ಟಿದ ಕೂಸಿನ ಎಡತೋಳಿಗೆ ಹಾಕುವ ಮೊದಲ ಚುಚ್ಚುಮದ್ದಾಗಿ ಇಂದಿಗೂ ಉಳಿದಿದೆ.

ಎರಡು ಬೇರೆ ದಾರಿಗಳು ಒಂದೇ ವಾರದಲ್ಲಿ ಅಕ್ಕಪಕ್ಕ ಬಂದ ಒಂದು ಸಂದರ್ಭ ಗಮನಾರ್ಹ. ಅಫೀಮಿನ ಹಳೆಯ ಕಾಯಿದೆಗಳನ್ನು ರದ್ದುಮಾಡಿ ಅವುಗಳ ಸ್ಥಾನದಲ್ಲಿ ಬಂದ ಮಾದಕ ವಸ್ತುಗಳ ಕಾಯಿದೆ, ಎನ್‌ಡಿಪಿಎಸ್ ಎಂದೇ ಪರಿಚಿತವಾದುದು, 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದಾದ ಐದು ದಿನಗಳಿಗೆ, ನವೆಂಬರ್ 19ರಂದು, ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾಯಿತು. ಮೊದಲನೆಯದು ಗಸಗಸೆಯ ಬೇಸಾಯವನ್ನು ಕೇಂದ್ರ ಸರ್ಕಾರದ ಪರವಾನಗಿಯ ಕಟ್ಟಿನೊಳಗೆ ತಂದು, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತಾದ ಪ್ರದೇಶಗಳಿಗೆ ಸೀಮಿತಗೊಳಿಸಿತು, ಕಾಯಿಯ ಹಾಲನ್ನು ಅಪರಾಧದ ವ್ಯಾಪ್ತಿಗೆ ತಂದು ಬೀಜವನ್ನು ಹೊರಗೆ ಬಿಟ್ಟಿತು. ಕೋಲಾರದ ಅಂಗಡಿಯಲ್ಲಿ ಗಸಗಸೆ ಸಿಗುವುದೂ ಕೋಲಾರದ ಹೊಲದಲ್ಲಿ ಅದನ್ನು ಬೆಳೆಯುವಂತಿಲ್ಲದಿರುವುದೂ ಈ ವಿಂಗಡಣೆಯ ಫಲವೇ. ಎರಡನೆಯದು ಹುಟ್ಟಿದ ಕೂಸಿನ ರೋಗನಿರೋಧಕ ಶಕ್ತಿಯನ್ನು ಸರ್ಕಾರದ ಹೊಣೆಯನ್ನಾಗಿ ಮಾಡಿತು. ಒಂದು ಗೃಹ ಮತ್ತು ಹಣಕಾಸಿನ ಇಲಾಖೆಗಳ ಕೆಲಸವಾಯಿತು, ಇನ್ನೊಂದು ಆರೋಗ್ಯ ಇಲಾಖೆಯ ಕೆಲಸವಾಯಿತು. ಅಬಕಾರಿಯ ಕಾಲದಿಂದ ಬಂದ ಬೇರ್ಪಡೆ ಹೊಸ ರೂಪದಲ್ಲಿ ಮುಂದುವರಿಯಿತು.

ಇಂದು ಪ್ರಶ್ನೆಯ ಸ್ವರೂಪ ಬದಲಾಗಿದೆ. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ, ದೇಶದಲ್ಲಿ ಸುಮಾರು 2.26 ಕೋಟಿ ಜನ ಒಪಿಯಾಯ್ಡ್‌ಗಳನ್ನು ಬಳಸುತ್ತಾರೆಂದು ಅಂದಾಜಿಸಿತು. ಅದರಲ್ಲಿ ಅಫೀಮು ಮತ್ತು ಹೆರಾಯಿನ್ನಿನ ಜೊತೆಗೆ ಔಷಧದ ಅಂಗಡಿಯ ನೋವಿನ ಮಾತ್ರೆಗಳೂ ಸೇರಿವೆ. ಅಂತಹ ಮಾತ್ರೆಯಾದ ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್ ಕಾಯಿದೆಯ ಹತೋಟಿಗೆ ಬಂದಿತು. ಹೊಲ, ಅಂಗಡಿ, ಗಡಿ ಮೂರನ್ನೂ ಕಾಯುವ ಕಾನೂನಿಗೆ, ಬೆನ್ನುನೋವಿಗೆಂದು ಆರಂಭಿಸಿ ಬಿಡಲಾಗದೆ ಮಾತ್ರೆ ನುಂಗುವ ಬಸುರಿ ಕಾಣುವುದಿಲ್ಲ. ಅವಳನ್ನು ಕಾಣಬಲ್ಲವರು ಮನೆಮನೆಗೆ ಹೋಗಿ ತಾಯಿ ಕಾರ್ಡು ತುಂಬಿಸುವ ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯರು. ಅವಳಿಗೆ ಹೇಳಬೇಕಾದ ಮಾತೂ ಹಳೆಯ ಉಪದೇಶಕ್ಕಿಂತ ಬೇರೆ: ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಾಯಿಗೂ ಕೂಸಿಗೂ ಅಪಾಯವಾಗಬಹುದಾದ್ದರಿಂದ ವೈದ್ಯರ ನಿಗಾದಲ್ಲಿ ಮೆಥಡೋನ್ ಅಥವಾ ಬುಪ್ರಿನಾರ್ಫಿನ್‌ನಂತಹ ಬದಲಿ ಔಷಧ ತೆಗೆದುಕೊಳ್ಳಬೇಕು, ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದು ಬೇರೆ ಅಡ್ಡಿಯಿಲ್ಲದಿದ್ದರೆ ಎದೆಹಾಲು ಉಣಿಸಬೇಕು, ಹುಟ್ಟಿದ ದಿನದ ಹೆಪಟೈಟಿಸ್ ಬಿ, ಪೋಲಿಯೊ, ಬಿಸಿಜಿ ಲಸಿಕೆಗಳನ್ನು ತಪ್ಪಿಸಬಾರದು. ಒಪಿಯಾಯ್ಡ್‌ಗೆ ಒಡ್ಡಿಕೊಂಡದ್ದು ಈ ಲಸಿಕೆಗಳಿಗೆ ಅಡ್ಡಿಯಲ್ಲ; ತಾಯಿಯ ಪ್ರತಿಕಾಯಗಳ ಪಾಲು ಕಡಿಮೆ ಪಡೆದ ಕೂಸಿಗೆ ಅವು ಇನ್ನೂ ಹೆಚ್ಚು ಅಗತ್ಯ.

ಕೋಲಾರ ಸೀಮೆಯ ಗಸಗಸೆಯ ಚರಿತ್ರೆಯಿಂದ ಹೊರಡುವ ಪಾಠ ಬಹುಶಃ ಇದು. ಹೊಲವನ್ನು ನಿಲ್ಲಿಸುವುದಕ್ಕೆ ಒಂದು ಷರತ್ತು, ಅಂಗಡಿಯನ್ನು ಮುಚ್ಚುವುದಕ್ಕೆ ಒಂದು ಗಡುವು ಸಾಕಾಯಿತು. ಕೂಸನ್ನು ಉಳಿಸುವುದಕ್ಕೆ ಮಾತ್ರ ಹೆರಿಗೆ ಆಸ್ಪತ್ರೆ, ಲಸಿಕೆ, ಕೂಲಿ ಹೆಂಗಸಿಗೆ ಬಿಡುವು, ದೂರದ ಹಳ್ಳಿಗೂ ತಲುಪುವ ದಾದಿ, ಇವೆಲ್ಲ ಒಂದೊಂದಾಗಿ ಸೇರಬೇಕಾಯಿತು. ಅಬಕಾರಿಯ ಲೆಕ್ಕದಲ್ಲಿ ಇಲ್ಲದ ಅಂಕಣವನ್ನು ಇಂದಿನ ತಾಯಿ ಕಾರ್ಡಿನಲ್ಲಾದರೂ ತೆರೆದು, ಹೊಗೆಸೊಪ್ಪು ಕಡ್ಡಿಪುಡಿಗಳ ಬಗ್ಗೆ ಕೇಳುವಷ್ಟೇ ಸಹಜವಾಗಿ ನೋವಿನ ಮಾತ್ರೆಯ ಬಗ್ಗೆಯೂ, ಬೆದರಿಸದೆ ಬೈಯದೆ, ಕೇಳಿ ಬರೆದುಕೊಂಡರೆ, ಎರಡು ಶತಮಾನಗಳಿಂದ ಬೇರೆಬೇರೆಯಾಗಿ ನಡೆದುಬಂದ ಎರಡು ಲೆಕ್ಕಗಳು ಒಂದೇ ಹಾಳೆಗೆ ಬರುತ್ತವೆ.